ಭತ್ತದ ಹುಲ್ಲಿನ ಸಸಿ ಕುಂಡ: ಒಣಗುವಾಗ ಬಿರುಕು, ನೀರು ಹಾಕಿದರೆ ತಳ ಕುಸಿತ, ಸಸಿಯೂ ಹಳದಿ

ತುಂಗಭದ್ರಾ ಗದ್ದೆ:
ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ಕಡೆಯವನು. ನಮ್ಮಲ್ಲಿ ಕಂಬೈನ್ ಮಷಿನ್ ಕೊಯ್ದು ಹೋದ ಮೇಲೆ ಹುಲ್ಲು ಗದ್ದೆಯಲ್ಲೇ ಹರಡಿಕೊಂಡು ಬಿದ್ದಿರುತ್ತದೆ, ಎಷ್ಟೋ ಕಡೆ ಬೆಂಕಿ ಹಚ್ಚಿ ಮುಗಿಸಿಬಿಡುತ್ತಾರೆ. ಸುಡುವ ಬದಲು ಕೊಳೆಸಿ ಟೊಮೆಟೊ, ಬದನೆ ಸಸಿಗೆ ಕುಂಡ ಮಾಡೋಣ, ಪ್ಲಾಸ್ಟಿಕ್ ಕವರ್ ತಪ್ಪುತ್ತದೆ ಅಂತ ಈ ಕೆಲಸ ಹಿಡಿದಿದ್ದೇನೆ.

ಹುಲ್ಲು ಕತ್ತರಿಸಿ, ಸೆಗಣಿ ನೀರು ಚಿಮುಕಿಸಿ, ತಾಡಪಾಲು ಮುಚ್ಚಿ ಗುಡ್ಡೆ ಹಾಕಿದ್ದೆ. ಆಮೇಲೆ ಅದಕ್ಕೆ ಅರ್ಧಕ್ಕರ್ಧ ಸೆಗಣಿ, ಒಂದಿಷ್ಟು ಮೈದಾ ಹಿಟ್ಟು ಕಲಸಿ, ಎರಡು ಸ್ಟೀಲ್ ಲೋಟಗಳ ನಡುವೆ ಒತ್ತಿ ಬಿಸಿಲಿಗೆ ಇಟ್ಟೆ. ಈಗ ಬಾಯಿ ಅಂಚಿನಿಂದ ಕೆಳಗಿನವರೆಗೂ ಬಿರುಕು ಬಿಡುತ್ತಿದೆ. ಬಿರುಕು ಬಿಡದೆ ಉಳಿದ ಕುಂಡ ನೀರು ಬಿದ್ದ ವಾರದೊಳಗೆ ತಳ ಬಿಡುತ್ತದೆ. ಹೊರಗಡೆ ಬಿಳಿ ಬೂಷ್ಟು ಬೇರೆ. ಸಸಿಗಳೂ ಕೆಳಗಿನ ಎಲೆಯಿಂದ ಹಳದಿ ಆಗುತ್ತಿವೆ. ಎಲ್ಲಿ ಸರಿ ಮಾಡಬೇಕು?

ಸಸಿಮಡಿ ಅಕ್ಕ:
ಮೊದಲು ಒಂದು ವಿಷಯ ಹೇಳಿ. ಗುಡ್ಡೆಯಿಂದ ಒಂದು ಹುಲ್ಲಿನ ಎಳೆ ತೆಗೆದು ಎಳೆದರೆ ತುಂಡಾಗುತ್ತದಾ? ಬಣ್ಣ ಏನಿದೆ?

ತುಂಗಭದ್ರಾ ಗದ್ದೆ:
ಬಣ್ಣ ಇನ್ನೂ ಹೊಂಬಣ್ಣವೇ ಅಕ್ಕ, ಸ್ವಲ್ಪ ಹೊಳಪೂ ಇದೆ. ಎಳೆದರೆ ಸುಲಭಕ್ಕೆ ತುಂಡಾಗಲ್ಲ. ಶುರುವಿಗೆ ಗುಡ್ಡೆ ಬಿಸಿಯಾಗಿತ್ತು, ಆಮೇಲೆ ತಣ್ಣಗಾಯಿತು.

ಸಸಿಮಡಿ ಅಕ್ಕ:
ಹಾಗಾದರೆ ನಿಮ್ಮ ಅರ್ಧ ಸಮಸ್ಯೆ ಕುಂಡದಲ್ಲಿಲ್ಲ, ಗುಡ್ಡೆಯಲ್ಲಿದೆ. ತಣ್ಣಗಾಯಿತು ಅಂದರೆ ಕೊಳೆತು ಮುಗಿಯಿತು ಅಂತಲ್ಲ, ಒಳಗೆ ನೀರು ಇಲ್ಲವೇ ಸಾರಜನಕ ಸಾಲದೆ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸಿವೆ ಅಂತ. ಭತ್ತದ ಹುಲ್ಲಿನ ಮೇಲೆ ಮೇಣದ ಪದರ ಇರುತ್ತದೆ, ಸಿಲಿಕಾ ಕೂಡ ಬೇರೆ ಹುಲ್ಲಿಗಿಂತ ಜಾಸ್ತಿ. ಆ ಹೊಳಪು ಹೋಗುವ ತನಕ ನೀರೂ ಒಳಗೆ ಇಳಿಯಲ್ಲ, ಅಂಟೂ ಹಿಡಿಯಲ್ಲ. ಎಷ್ಟೇ ಒತ್ತಿದರೂ ಎಳೆಗಳು ಮತ್ತೆ ನೆಟ್ಟಗಾಗಲು ನೋಡುತ್ತವೆ, ಗೋಡೆ ಸಡಿಲವಾಗುತ್ತದೆ.

ಸಸಿ ಹಳದಿ ಆಗಿದ್ದೂ ಇದರಿಂದಲೇ ಇರಬೇಕು. ಹುಲ್ಲಿನಲ್ಲಿ ಸಾರಜನಕದ ಅರವತ್ತು ಎಪ್ಪತ್ತು ಪಟ್ಟು ಇಂಗಾಲ ಇರುತ್ತದೆ. ಅದು ಕುಂಡದಲ್ಲಿ ಕೊಳೆಯಲು ಶುರುವಾದರೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತದೆ, ಸಸಿಗೆ ಏನೂ ಉಳಿಯಲ್ಲ. ಸದ್ಯಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ, ನೀರಲ್ಲಿ ಕರಗುವ) ಗೊಬ್ಬರವನ್ನು ಲೀಟರಿಗೆ 2 ಗ್ರಾಂ ಹಾಕಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಸುಧಾರಿಸುತ್ತವೆ.

ಗುಡ್ಡೆಯನ್ನು ಬಿಚ್ಚಿ ಮತ್ತೆ ಕಟ್ಟಿ. 100 ಕೆಜಿ ಒಣ ಹುಲ್ಲಿಗೆ ಒಂದರಿಂದ ಒಂದೂವರೆ ಕೆಜಿ ಯೂರಿಯಾ ನೀರಿನಲ್ಲಿ ಕರಗಿಸಿ ಪದರ ಪದರವಾಗಿ ಹಾಕಿ. ಯೂರಿಯಾ ಬೇಡ ಅಂದರೆ ಗಂಜಲ, ಸೆಗಣಿ ಜಾಸ್ತಿ ಮಾಡಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ವಾರಕ್ಕೊಮ್ಮೆ ಮಗುಚಿ. ಒಳಗೆ 55-60 ಡಿಗ್ರಿ ಬಿಸಿ ಬಂದರೆ ಕಳೆ ಬೀಜವೂ ಸಾಯುತ್ತದೆ.

ಮುಖ್ಯವಾದದ್ದು ಹದ. ಇದು ಹೊಲಕ್ಕೆ ಹಾಕುವ ಗೊಬ್ಬರ ಅಲ್ಲ, ಪೂರ್ತಿ ಪುಡಿಯಾಗಲು ಬಿಟ್ಟರೆ ಎಳೆಯೇ ಉಳಿಯಲ್ಲ, ಎಳೆ ಇಲ್ಲದಿದ್ದರೆ ಕುಂಡಕ್ಕೆ ಬಲ ಎಲ್ಲಿಂದ ಬರಬೇಕು? ಬಣ್ಣ ಕಂದು ಆಗಿ, ಹೊಳಪು ಹೋಗಿ, ಎಳೆದರೆ ಮೆತ್ತಗೆ ತುಂಡಾಗಬೇಕು, ಆದರೆ ಕೈಗೆ ಇನ್ನೂ ನಾರು ಸಿಗಬೇಕು. ಅಲ್ಲಿಗೆ ನಿಲ್ಲಿಸಿ. ಮೂಗಿಗೆ ಅಮೋನಿಯಾ ಘಾಟು ಬಂದರೆ ಹರಡಿ ಗಾಳಿಗೆ ಬಿಡಿ. ಅನುಮಾನ ಇದ್ದರೆ ಆ ಹುಲ್ಲಿನಲ್ಲೇ ಅಲಸಂದೆ ಕಾಳು ಹಾಕಿ ನೋಡಿ, ಬೇರು ಬೆಳ್ಳಗೆ ಚೆನ್ನಾಗಿ ಇಳಿದರೆ ಕುಂಡ ಒತ್ತಬಹುದು.

ಹಳೇ ಮೆಕ್ಯಾನಿಕ್:
ಅಕ್ಕ ಹೇಳಿದ್ದು ಸರಿ. ಬಿರುಕಿನ ಬಗ್ಗೆ ನಾನು ಹೇಳುತ್ತೇನೆ. ಸೆಗಣಿ ಅರ್ಧಕ್ಕರ್ಧ ತುಂಬಾ ಜಾಸ್ತಿ ಆಯಿತು ಸರ್. ಒಣಗುವಾಗ ಸೆಗಣಿ ಕುಗ್ಗಿದಷ್ಟು ಹುಲ್ಲು ಕುಗ್ಗಲ್ಲ, ಅದಕ್ಕೇ ಸೀಳುತ್ತದೆ. ಐದು ಪಾಲು ಹುಲ್ಲಿಗೆ ಒಂದು ಪಾಲು ಸೆಗಣಿ ಸಾಕು. ಆಮೇಲೆ ಮೈದಾ ಹಸಿ ಹಿಟ್ಟು ಹಾಕಿದ್ದೀರಿ ಅಲ್ವಾ? ಅದು ಅಂಟಲ್ಲ, ನೀರು ಬಿದ್ದ ತಕ್ಷಣ ಬಿಡುತ್ತದೆ. ಪಿಷ್ಟ ಬೆಂದರೆ ಮಾತ್ರ ಅಂಟು. ಲೀಟರ್ ನೀರಿಗೆ 100 ಗ್ರಾಂ ಮೈದಾ ಗಂಟಿಲ್ಲದಂತೆ ಕದಡಿ, ಗೋಡೆಗೆ ಪೋಸ್ಟರ್ ಹಚ್ಚುವ ಗೋಂದಿನ ಹಾಗೆ ಕಾಯಿಸಿ, ಆರಿದ ಮೇಲೆ ಕಲಸಿ.

ಒತ್ತುವಾಗ ನೀರು ಪೂರ್ತಿ ಹಿಂಡಿ ಹೋಗಬೇಕು. ಕೈಯಲ್ಲಿ ಅಷ್ಟು ಬಲ ಬರಲ್ಲ, ಕಾರಿನ ಜಾಕ್ ಇದ್ದರೆ ಗಟ್ಟಿ ಚೌಕಟ್ಟಿನ ಒಳಗಿಟ್ಟು ಒತ್ತಿ. ಲೋಟಕ್ಕೆ ತೆಳು ಬಟ್ಟೆ ಸುತ್ತಿದರೆ ಕುಂಡ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ನೇರ ಬಿಸಿಲು ಬೇಡವೇ ಬೇಡ. ಎರಡು ದಿನ ನೆರಳಲ್ಲಿ ಜಾಲರಿ ಮೇಲೆ, ಆಮೇಲೆ ಬಿಸಿಲು. ನಿಮ್ಮ ಕಡೆಯ ಬಿಸಿಲಿಗೆ ಹೊರಮೈ ಮೊದಲು ಒಣಗಿ ಬಿಗಿಯುತ್ತದೆ, ಒಳಗೆ ಇನ್ನೂ ಒದ್ದೆ.

ಮನೆತೋಟ:
ಮೈದಾ ಬದಲು ಫೆವಿಕಾಲ್ ಹಾಕಿದರೆ ಗಟ್ಟಿ ಬರಲ್ವಾ?

ಹಳೇ ಮೆಕ್ಯಾನಿಕ್:
ಗಟ್ಟಿ ಬರಬಹುದು. ಆದರೆ ಅದು ಪ್ಲಾಸ್ಟಿಕ್ ಜಾತಿಯ ಅಂಟು, ಮಣ್ಣಲ್ಲಿ ಬೇಗ ಕರಗಲ್ಲ. ಪ್ಲಾಸ್ಟಿಕ್ ಬಿಡಬೇಕು ಅಂತಲೇ ಈ ಕೆಲಸ ಮಾಡುತ್ತಿರುವುದು. ಟೊಮೆಟೊ ಸಸಿ ನಾಟಿಗೆ ಬರಲು 25-30 ದಿನ ಸಾಕು, ಕುಂಡ ಅಷ್ಟು ದಿನ ನಿಂತರೆ ಆಯಿತು.

ಸಸಿಮಡಿ ಅಕ್ಕ:
ಬೂಷ್ಟಿಗೆ ಹೆದರಬೇಡಿ. ಅದು ಹಿಟ್ಟು ಮತ್ತು ಹುಲ್ಲು ತಿನ್ನುವ ಜಾತಿ, ಸಾಮಾನ್ಯವಾಗಿ ಸಸಿಯ ತಂಟೆಗೆ ಬರಲ್ಲ. ಸುಮ್ನೆ ಶಿಲೀಂಧ್ರನಾಶಕ ಹೊಡೆಯಬೇಡಿ. ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಿದ್ದರೆ ಬೆರಳಗಲ ಬಿಡಿಸಿ, ನೆಲದ ಮೇಲೆ ಬೇಡ, ಜಾಲರಿ ಮೇಲಿಡಿ. ನೀರು ಗೋಡೆಗೆ ಬೀಳದೆ ನಡುವಿನ ಮಣ್ಣಿಗೆ ಬೀಳಲಿ. ಅರ್ಧ ತಳ ಕುಸಿತ ಇದರಲ್ಲೇ ನಿಲ್ಲುತ್ತದೆ.

ತುಂಗಭದ್ರಾ ಗದ್ದೆ:
ಹೊಸ ಗುಡ್ಡೆಯ ಹುಲ್ಲಿನಲ್ಲಿ, ಬೇಯಿಸಿದ ಮೈದಾ ಗಂಜಿ ಹಾಕಿ, ನೆರಳಲ್ಲಿ ಒಣಗಿಸಿದೆ. ಬಿರುಕು ನಿಂತಿದೆ, ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ಸಸಿಗಳೂ ಹಸಿರಾಗಿವೆ, ತುಂಬಾ ಉಪಕಾರ ಆಯಿತು. ಇನ್ನು ನಾಟಿ. ನಮ್ಮದು ಎರೆ ಮಣ್ಣು, ಕುಂಡ ಸಮೇತ ಹಾಗೇ ಇಡಬಹುದಾ?

ಸಸಿಮಡಿ ಅಕ್ಕ:
ಇಡಬಹುದು, ಆದರೆ ಮೊದಲು ಕುಂಡವನ್ನು ನೀರಲ್ಲಿ ಚೆನ್ನಾಗಿ ನೆನೆಸಿ. ಒಣ ಕುಂಡ ಇಟ್ಟರೆ ಬೇರು ಗೋಡೆ ದಾಟಲ್ಲ. ಎರೆ ಮಣ್ಣು ಅಂಟು, ಬಿಗಿ ಮಣ್ಣು ಆದ್ದರಿಂದ ತಳ ಕಿತ್ತು ಹಾಕಿ, ಪಕ್ಕದಲ್ಲೂ ಎರಡು ಕಡೆ ಸೀಳಿ. ಅಂಚು ಮಣ್ಣಿನ ಮೇಲೆ ಕಾಣಿಸುತ್ತಿದ್ದರೆ ಮುರಿದುಬಿಡಿ, ಇಲ್ಲದಿದ್ದರೆ ಅದು ಬತ್ತಿಯಂತೆ ಕೆಳಗಿನ ತೇವವನ್ನೆಲ್ಲ ಎಳೆದು ಗಾಳಿಗೆ ಬಿಡುತ್ತದೆ, ನೀವು ನೀರು ಹಾಯಿಸುತ್ತಿದ್ದರೂ ಸಸಿ ಬಾಡುತ್ತದೆ. ಮುರಿದ ಚೂರನ್ನು ಗುಡ್ಡೆಗೆ ಹಾಕಿ.