ಇವಿಎಂ ಬ್ಯಾಟರಿ ಶೇ 99 ಗಲಾಟೆ: ಬೂತ್ ಏಜೆಂಟ್ ನಿಜವಾಗಿ ನೋಡಬೇಕಾದ್ದು ಏನು?

ಮಲ್ನಾಡ್_ಮಳೆ (ಪ್ರಶ್ನೆ):
2024ರ ಅಕ್ಟೋಬರ್‌ನಲ್ಲಿ ಹರಿಯಾಣ ಎಣಿಕೆ ವೇಳೆ ಎದ್ದ ಬ್ಯಾಟರಿ ತಕರಾರು ವಾಟ್ಸಾಪ್‌ನಲ್ಲಿ ಇನ್ನೂ ಸುತ್ತುತ್ತಿದೆ. ದಿನವಿಡೀ ಮತ ಹಾಕಿದ ಯಂತ್ರದಲ್ಲಿ ಶೇ 99 ಚಾರ್ಜ್ ಉಳಿಯೋದು ಹೇಗೆ ಅಂತ. ಇತ್ತ 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ, ಸ್ಥಳೀಯ ಸಂಸ್ಥೆಗಳಿಗೆ ಬ್ಯಾಲೆಟ್ ಪೇಪರ್ ಬಳಸಿ ಅಂತ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಪಕ್ಷದ ಜಗಳ ಇಲ್ಲಿ ಬೇಡ. ಬ್ಯಾಟರಿ ವಿಷಯದಲ್ಲಿ ಹುರುಳಿದೆಯಾ? ಏಜೆಂಟ್ ಆಗಿ ಕೂರೋರು ಯಾವುದರ ಮೇಲೆ ಕಣ್ಣಿಡಬೇಕು?

ಸೀಲು_ಮೇಣ:
ಬ್ಯಾಟರಿ ಮೊದಲು ಮುಗಿಸೋಣ. ಮತದ ಲೆಕ್ಕ ಇಡೋ ಕಂಟ್ರೋಲ್ ಯೂನಿಟ್‌ನಲ್ಲಿರೋದು 7.5 ವೋಲ್ಟ್‌ನ ಆಲ್ಕಲೈನ್ ಬ್ಯಾಟರಿ, ಮೊಬೈಲಿನ ಹಾಗೆ ಚಾರ್ಜ್ ಮಾಡೋದಲ್ಲ. ಆಗ ಕೇಂದ್ರ ಚುನಾವಣಾ ಆಯೋಗ ಕೊಟ್ಟ ವಿವರಣೆ ಪ್ರಕಾರ ವೋಲ್ಟೇಜ್ 7.4ರಿಂದ 8ರ ನಡುವೆ ಎಲ್ಲೇ ಇದ್ದರೂ ಪರದೆ ಶೇ 99 ಅಂತಲೇ ತೋರಿಸುತ್ತೆ. 7.4ಕ್ಕಿಂತ ಇಳಿದ ಮೇಲಷ್ಟೇ ನಿಜವಾದ ಅಂಕಿ ಬರೋದು. ಕಮಿಷನಿಂಗ್ ದಿನ (ಮತದಾನಕ್ಕೆ ಮೊದಲು ಯಂತ್ರ ಸಜ್ಜು ಮಾಡೋ ದಿನ) ಶೇ 5ರಷ್ಟು ಯಂತ್ರಗಳಲ್ಲಿ 1,000 ಮತಗಳ ಅಣಕು ಮತದಾನ ನಡೆಸ್ತಾರೆ, ಅವು ಸಹಜವಾಗಿ ಹೆಚ್ಚು ಇಳಿದಿರುತ್ತವೆ. ಮತ ಕಡಿಮೆ ಬಿದ್ದ ಬೂತಿನದು ಅಷ್ಟಾಗಿ ಇಳಿಯಲ್ಲ. ಹಾಗಾಗಿ ಒಂದರಲ್ಲಿ 99, ಇನ್ನೊಂದರಲ್ಲಿ 70 ಇದ್ದರೆ ಅದೊಂದೇ ಏನನ್ನೂ ಹೇಳಲ್ಲ.

ನೋಡಬೇಕಾದ್ದು ಬೆಳಗಿನ ಅಣಕು ಮತದಾನ. 7ಕ್ಕೆ ಮತದಾನ ಅಂದ್ರೆ ಐದೂವರೆಗೇ ಶುರು, 15 ನಿಮಿಷ ಕಾದು ಏಜೆಂಟರು ಬರದಿದ್ದರೂ ಶುರು ಮಾಡಿಬಿಡ್ತಾರೆ. ಕನಿಷ್ಠ 50 ಮತ, ನೋಟಾ ಸೇರಿ ಪ್ರತಿ ಬಟನ್ನಿಗೂ ಒಂದಾದರೂ. ಆಮೇಲೆ ಸಿಆರ್‌ಸಿ: ಕ್ಲೋಸ್, ರಿಸಲ್ಟ್, ಕ್ಲಿಯರ್. ಆ ಕೊನೆಯ ಕ್ಲಿಯರ್ ಮರೆಯೋದೇ ಎಲ್ಲ ರಗಳೆಗೆ ಮೂಲ. ಕ್ಲಿಯರ್ ಆದ ಮೇಲೆ ಟೋಟಲ್ ಬಟನ್ ಒತ್ತಿಸಿ ಸೊನ್ನೆ ನೋಡಿ. ವಿವಿಪ್ಯಾಟ್ (ಮತ ಯಾರಿಗೆ ಬಿತ್ತು ಅಂತ ಚೀಟಿ ಮುದ್ರಿಸಿ ತೋರಿಸೋ ಯಂತ್ರ) ಡಬ್ಬಿಯಿಂದ ಅಣಕು ಚೀಟಿಗಳನ್ನೂ ತೆಗೆಸಿ. ಅವಕ್ಕೆ ಹಿಂದೆ ಮುದ್ರೆ ಹೊಡೆದು ಕಪ್ಪು ಲಕೋಟೆಯಲ್ಲಿ ಸೀಲ್ ಮಾಡ್ತಾರೆ. ಯಂತ್ರ ಕ್ಲಿಯರ್ ಮಾಡಿ ಚೀಟಿ ಒಳಗೇ ಬಿಟ್ಟರೆ ಎಣಿಕೆ ದಿನ ಎರಡೂ ತಾಳೆಯಾಗಲ್ಲ.

ಗಡಿನಾಡು42:
ಯಂತ್ರ ಕೆಟ್ಟಾಗಿನ ನಿಯಮ ಸೇರಿಸ್ತೀನಿ. ಮತದಾನ ನಡೀತಿರುವಾಗ ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸ್ತಾರೆ, ಅಣಕು ಮತದಾನ ಇಲ್ಲ. ಕಂಟ್ರೋಲ್ ಯೂನಿಟ್ ಅಥವಾ ಮತದಾರರು ಬಟನ್ ಒತ್ತೋ ಬ್ಯಾಲೆಟ್ ಯೂನಿಟ್ ಕೆಟ್ಟರೆ ಇಡೀ ಸೆಟ್ ಬದಲು, ಪ್ರತಿ ಅಭ್ಯರ್ಥಿಗೂ ನೋಟಾಗೂ ಒಂದೊಂದು ಅಣಕು ಮತ. ಹಳೇ ಸೆಟ್‌ನಲ್ಲಿ ಬಿದ್ದ ಮತ ಹಾಗೇ ಉಳಿಯುತ್ತೆ, ಎಣಿಕೆಗೆ ಅದೂ ಬರಬೇಕು. ಎರಡು ಕಂಟ್ರೋಲ್ ಯೂನಿಟ್‌ಗಳ ಸಂಖ್ಯೆಯನ್ನೂ ಬರ್ಕೊಳ್ಳಿ.

ವಿವಿಪ್ಯಾಟ್‌ನ ದೊಡ್ಡ ಶತ್ರು ಬೆಳಕು. ಕಿಟಕಿ ಪಕ್ಕ ಅಥವಾ ಟ್ಯೂಬ್‌ಲೈಟ್ ಕೆಳಗೇ ಇಟ್ಟರೆ ಸೆನ್ಸರ್ ಕೈಕೊಡುತ್ತೆ. ಹಿಂಬದಿಯ ಗುಂಡಿ ಅಡ್ಡ ಇದ್ದರೆ ಸಾಗಣೆ ಸ್ಥಿತಿ, ನೆಟ್ಟಗೆ ಮಾಡಿದರೆ ಮಾತ್ರ ಕೆಲಸ. ಬೆಳಿಗ್ಗೆ ಬರೋ ದೂರಿಗೆ ಇದೂ ಒಂದು ಕಾರಣ. ಸುಮ್ಮಸುಮ್ಮನೆ ಆಫ್-ಆನ್ ಮಾಡಿಸಬೇಡಿ, ಆನ್ ಆದಾಗಲೆಲ್ಲ ಏಳು ಪರೀಕ್ಷಾ ಚೀಟಿ ಹೊರಬಂದು ಕಾಗದ ವ್ಯರ್ಥ.

ತಕರಾರು_ಅರ್ಜಿ:
ಇಷ್ಟೆಲ್ಲ ಬೇಕಾ ಮಾರಾಯ್ರೇ? ವಿವಿಪ್ಯಾಟ್ ಚೀಟಿ ಪೂರ್ತಿ ಎಣಿಸಿದ್ರೆ ಮುಗೀತಲ್ಲ. ಇಲ್ಲಾಂದ್ರೆ ಬ್ಯಾಲೆಟ್ ಪೇಪರ್.

ಸೀಲು_ಮೇಣ:
ಪೂರ್ತಿ ಎಣಿಕೆಯ ಬೇಡಿಕೆಯನ್ನ ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತ್‌ಗಳ ಚೀಟಿ ಎಣಿಸೋ 2019ರ ಲೆಕ್ಕವೇ ಉಳೀತು. ಆದರೆ ಆ ತೀರ್ಪಲ್ಲಿ ಎರಡು ಕೆಲಸದ ವಿಷಯ ಇವೆ. ವಿವಿಪ್ಯಾಟ್‌ಗೆ ಅಭ್ಯರ್ಥಿಗಳ ಹೆಸರು, ಚಿಹ್ನೆ ತುಂಬುವ ಯೂನಿಟ್‌ಗಳನ್ನ ಫಲಿತಾಂಶದ ನಂತರ ಕನಿಷ್ಠ 45 ದಿನ ಸೀಲ್ ಮಾಡಿ ಇಡಬೇಕು. ಎರಡನೇ, ಮೂರನೇ ಸ್ಥಾನಕ್ಕೆ ಬಂದವರು ಏಳು ದಿನದೊಳಗೆ ಬರೆದು ಕೇಳಿದರೆ ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5 ಯಂತ್ರಗಳ ಮೆಮರಿ ಪರಿಶೀಲನೆ. ಖರ್ಚು ಅರ್ಜಿದಾರರದು, ತಿರುಚಿದ್ದು ಸಾಬೀತಾದರೆ ವಾಪಸ್.

ತಂತ್ರಜ್ಞಾನದ ಚರ್ಚೆ ಮಾಡೋದಾದರೆ ಈ ಚಿಹ್ನೆ ತುಂಬುವ ಯೂನಿಟ್ ಬಗ್ಗೆ ಮಾಡಿ. ಕಂಟ್ರೋಲ್ ಯೂನಿಟ್‌ಗೆ ಅಭ್ಯರ್ಥಿ ಹೆಸರೇ ಗೊತ್ತಿಲ್ಲ, ಅದು ಎಣಿಸೋದು ಬಟನ್ ಸಂಖ್ಯೆ. ಹೆಸರು, ಚಿಹ್ನೆ ಹೊರಗಿಂದ ಹೋಗೋದು ವಿವಿಪ್ಯಾಟ್‌ಗೆ, ಅದೂ ಮತದಾನಕ್ಕೆ ಕೆಲ ದಿನ ಮೊದಲು. ಆ ದಿನ ಅಭ್ಯರ್ಥಿಗಳ ಕಡೆಯವರು ಹಾಜರಿರಬಹುದು. ಎಷ್ಟೋ ಕಡೆ ಯಾರೂ ಹೋಗಲ್ಲ, ಆಮೇಲೆ ಟಿವಿ ಮುಂದೆ ಕೂತು ಬ್ಯಾಟರಿ ಬಗ್ಗೆ ಕೂಗಾಡ್ತಾರೆ!

ಬ್ಯಾಲೆಟ್ ಬಂದರೆ ಕುಲಗೆಟ್ಟ ಮತಗಳ ವಾದ ಶುರು: ಮುದ್ರೆ ಎರಡು ಚಿಹ್ನೆ ನಡುವಿನ ಗೆರೆ ಮೇಲೆ ಬಿತ್ತು, ಮಡಚಿದಾಗ ಮಸಿ ಹತ್ತಿತು. ಏಜೆಂಟರ ಕೆಲಸ ಮೂರು ಪಟ್ಟು.

ಮಲ್ನಾಡ್_ಮಳೆ:
ಸಂಜೆ ಮತದಾನ ಮುಗಿದ ಮೇಲೆ ಏನು ತಗೊಂಡು ಬರಬೇಕು? ಮತದಾರರ ರಿಜಿಸ್ಟರಿಗೂ ಯಂತ್ರದ ಟೋಟಲ್‌ಗೂ ಒಂದೆರಡು ವ್ಯತ್ಯಾಸ ಇದ್ದರೆ ಗಾಬರಿಯಾಗಬೇಕಾ?

ಗಡಿನಾಡು42:
ನಮೂನೆ 17ಸಿ (ಬಿದ್ದ ಮತಗಳ ಲೆಕ್ಕಪತ್ರ), ಭಾಗ 1. ಚುನಾವಣೆ ನಡೆಸುವ ನಿಯಮಗಳು, 1961ರ 49ಎಸ್ ಪ್ರಕಾರ ಹಾಜರಿರೋ ಪ್ರತಿ ಏಜೆಂಟಿಗೂ ಅದರ ನಕಲು ಕೊಡಲೇಬೇಕು. ಸುಸ್ತಾಗಿ ಅರ್ಧಕ್ಕೇ ಎದ್ದು ಹೋದವರಿಗೆ ಸಿಗಲ್ಲ. ಅದರಲ್ಲಿ ಕಂಟ್ರೋಲ್ ಯೂನಿಟ್ ಸಂಖ್ಯೆ, ಒಟ್ಟು ಮತ, ಪೇಪರ್ ಸೀಲ್ ಸಂಖ್ಯೆ ಇರುತ್ತೆ. ಎಣಿಕೆ ದಿನ ನಿಮ್ಮ ಟೇಬಲ್ಲಿಗೆ ಯಂತ್ರ ಬಂದಾಗ ರಿಸಲ್ಟ್ ಒತ್ತೋ ಮುಂಚೆ ಈ ಮೂರನ್ನೂ ತಾಳೆ ನೋಡಿ. ಒಟ್ಟು ತಾಳೆಯಾಗದಿದ್ದರೆ, ಅಥವಾ ಅಣಕು ಮತ ಅಳಿಸದೆ ಉಳಿದಿದ್ದರೆ ಆ ಯಂತ್ರ ಪಕ್ಕಕ್ಕೆ ಹೋಗುತ್ತೆ. ಮೊದಲು ಗೆಲುವಿನ ಅಂತರ ಅಂಥ ಬೂತ್‌ಗಳ ಒಟ್ಟು ಮತಕ್ಕೆ ಸಮ ಅಥವಾ ಕಡಿಮೆ ಇದ್ದಾಗ ಮಾತ್ರ ಅವುಗಳ ವಿವಿಪ್ಯಾಟ್ ಚೀಟಿ ಎಣಿಸ್ತಿದ್ರು, 2025ರಿಂದ ಅಂಥ ಎಲ್ಲ ಬೂತ್‌ಗಳ ಚೀಟಿ ಎಣಿಸ್ತಾರೆ.

ರಿಜಿಸ್ಟರ್ ಅಂದ್ರೆ 17ಎ. ಸಹಿ ಹಾಕಿ ಮತ ಹಾಕಲ್ಲ ಅಂದವರು, ಗುಟ್ಟು ಬಯಲು ಮಾಡಿ ಮತ ಹಾಕಲು ಬಿಡದವರು, ಇವರನ್ನ ಕಳೆದರೆ ಯಂತ್ರದ ಟೋಟಲ್ ಬರಬೇಕು. ಟೆಂಡರ್ ಮತ (ತಮ್ಮ ಹೆಸರಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದಾಗ ಕೊಡೋ ಅವಕಾಶ) ಕಾಗದದ ಮೇಲೆ ಹಾಕೋದು, ಯಂತ್ರದ ಲೆಕ್ಕಕ್ಕೆ ಸೇರಲ್ಲ. ಇದಾದ ಮೇಲೂ ಉಳಿಯೋ ವ್ಯತ್ಯಾಸವನ್ನ ಪಿಆರ್‌ಓ (ಮತಗಟ್ಟೆ ಅಧಿಕಾರಿ) ಕೈಲಿ 17ಸಿಯಲ್ಲೇ ಬರೆಸಿ, ಆಮೇಲೆ ನಕಲು ಇಸ್ಕೊಳ್ಳಿ.