ಅಪ್‌ಡೇಟ್: ಮಾರ್ಕೆಟಿಂಗ್ ಡೇಟಾ ಕೊನೆಗೂ ಮೈಎಸ್‌ಕ್ಯೂಎಲ್‌ಗೆ ಬಂತು

ಜಯನಗರದ ನಮ್ಮ ಆಫೀಸಿನ ಇಮೇಲ್ ಮಾರ್ಕೆಟಿಂಗ್ ಡೇಟಾವನ್ನೆಲ್ಲ ಬ್ಯಾಕಪ್‌ಗಾಗಿ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್‌ಗೆ ಹಾಕ್ತಿದ್ರೆ ಅರ್ಧಕ್ಕೇ ನಿಂತುಹೋಗ್ತಿದೆ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಸರಿಹೋಯ್ತು.

ಎಡವಟ್ಟು ಇದ್ದಿದ್ದು ಕ್ಯಾರೆಕ್ಟರ್ ಸೆಟ್‌ನಲ್ಲಿ, ಅಂದ್ರೆ ಅಕ್ಷರಗಳನ್ನ ಬೈಟ್‌ಗಳಾಗಿ ಉಳಿಸೋ ವಿಧಾನದಲ್ಲಿ. ಟೇಬಲ್ ಹಳೇ ಯುಟಿಎಫ್8ರಲ್ಲಿತ್ತು. ಮೈಎಸ್‌ಕ್ಯೂಎಲ್‌ನಲ್ಲಿ ಅದು ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಹಿಡಿಯುತ್ತೆ. ಕನ್ನಡದ ಅಕ್ಷರಗಳು 3 ಬೈಟ್‌ಗೇ ಮುಗಿಯೋದರಿಂದ ಹೆಸರುಗಳೆಲ್ಲ ಸಲೀಸಾಗಿ ಕೂತವು, ನಾನೂ ನಂಬಿಬಿಟ್ಟೆ. ಯುಗಾದಿ ಆಫರ್ ಮೇಲ್‌ನ ಸಬ್ಜೆಕ್ಟ್‌ನಲ್ಲಿ ಮಾವಿನಹಣ್ಣಿನ ಎಮೋಜಿ ಇತ್ತು. ಅದಕ್ಕೆ 4 ಬೈಟ್ ಬೇಕು! 4 ಬೈಟ್ ಹಿಡಿಯೋ ಯುಟಿಎಫ್8ಎಂಬಿ4ಗೆ ಬದಲಾಯಿಸಿದ ಮೇಲೆ ಗಪ್‌ಚುಪ್. ಒಂದು ಮಾವಿನಹಣ್ಣಿಗೆ ಎರಡು ದಿನ ಹೋಯ್ತು.

ಇಮೇಲನ್ನೇ ಪ್ರೈಮರಿ ಕೀ (ಟೇಬಲ್‌ನ ಪ್ರತಿ ಸಾಲನ್ನ ಗುರುತಿಸೋ ಕಾಲಂ) ಮಾಡ್ಬೇಡ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಕೆಲಸ ಬಿಟ್ಟ ಕೂಡಲೇ ಜನ ಇಮೇಲ್ ಬದಲಾಯಿಸ್ತಾರೆ, ಈ ಊರಲ್ಲಂತೂ ಕೇಳೋದೇ ಬೇಡ. ಈಗ ಕಾಂಟ್ಯಾಕ್ಟ್ ಐಡಿ ಇಟ್ಟಿದ್ದೀನಿ, ಟ್ಯಾಗ್‌ಗಳಿಗೆ ಬೇರೆ ಟೇಬಲ್.

ಮೇಲ್ ಹೋದ ಸಮಯ ಯುಟಿಸಿಯಲ್ಲಿ, ಅಂದ್ರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಬರ್ತಿತ್ತು. ನಾವು ಐದೂವರೆ ಗಂಟೆ ಮುಂದೆ ಇರೋದರಿಂದ ಬೆಳಗಿನ ಜಾವ 5ಕ್ಕೆ ಹೋದ ಮೇಲ್ ಹಿಂದಿನ ದಿನದ ಲೆಕ್ಕಕ್ಕೆ ಬೀಳ್ತಿತ್ತು. ಟೇಬಲ್‌ನಲ್ಲಿ ಯುಟಿಸಿಯನ್ನೇ ಹಾಗೇ ಬಿಟ್ಟು, ರಿಪೋರ್ಟ್‌ನಲ್ಲಿ ಮಾತ್ರ ನಮ್ಮ ಸಮಯಕ್ಕೆ ಬದಲಾಯಿಸ್ತೀನಿ.

ಬ್ಯಾಕಪ್‌ನಿಂದ ಡೇಟಾ ವಾಪಸ್ ತಂದು, ಅಂದ್ರೆ ರೀಸ್ಟೋರ್ ಮಾಡಿ ನೋಡಿದ್ಯಾ ಅಂತ ಒಬ್ಬರು ಕೇಳಿದ್ರು. ಭಾನುವಾರ ಖಾಲಿ ಡೇಟಾಬೇಸ್‌ಗೆ ಮಾಡಿದೆ, ಬಂತು. ಅನ್‌ಸಬ್‌ಸ್ಕ್ರೈಬ್ ಆದವರ ಪಟ್ಟಿ ಮಾತ್ರ ತರೋಕೇ ಮರೆತಿದ್ದೆ, ಈಗ ಅದನ್ನ ಸೇರಿಸ್ತಾ ಕೂತಿದ್ದೀನಿ.