ಬೊಲಿವಿಯಾದ 8 ಸೋಲ್ ಬೆಳ್ಳಿ ನಾಣ್ಯ: ಕೊಳ್ಳುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ (ಬಳ್ಳಾರಿ):
ಮಾನ್ಯರೇ, ದಕ್ಷಿಣ ಅಮೆರಿಕದ ವಿಮೋಚನಾ ನಾಯಕ ಸಿಮೋನ್ ಬೊಲಿವಾರ್ ಅವರ ಮುಖಚಿತ್ರವಿರುವ 1830ರ ದಶಕದ 8 ಸೋಲ್ (ಆಗಿನ ಬೊಲಿವಿಯಾದ ಹಣದ ಹೆಸರು) ನಾಣ್ಯವೊಂದು ನನಗೆ ಮಾರಾಟಕ್ಕೆ ಬಂದಿದೆ. ಅದು ಅಸಲಿಯೇ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ (ರಾಯಚೂರು):
ಸರ್, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿರಿ. ಸವೆದಿರದಿದ್ದರೆ ತೂಕ ಸುಮಾರು 27 ಗ್ರಾಂ ಇರಬೇಕು. ಬಳಿಕ ಅಂಚನ್ನು ಭೂತಕನ್ನಡಿಯಲ್ಲಿ ನೋಡಿರಿ: 1824ರಲ್ಲಿ ಸ್ಪೇನ್ ವಿರುದ್ಧ ಅಯಾಕುಚೊ ಕದನವನ್ನು ಗೆದ್ದ ಸೇನಾಪತಿ ಸುಕ್ರೆಯ ಹೆಸರನ್ನು ಅಲ್ಲಿ ಅಕ್ಷರಗಳಲ್ಲಿ ಒತ್ತಿರುತ್ತಾರೆ, ಎರಕದ ನಕಲಿಗಳಲ್ಲಿ ಆ ಅಕ್ಷರಗಳು ಮಸುಕಾಗಿರುತ್ತವೆ ಅಥವಾ ಬೆಸುಗೆಯ ಗೆರೆ ಕಾಣುತ್ತದೆ. ಅನುಮಾನ ಉಳಿದರೆ ನೀರಿನಲ್ಲಿ ಮುಳುಗಿಸಿ ತೂಗಿ ಸಾಂದ್ರತೆಯನ್ನು ಲೆಕ್ಕಹಾಕಿರಿ. ಸುಮಾರು 90 ಶೇಕಡಾ ಬೆಳ್ಳಿಗೆ ಅದು ಘನ ಸೆಂಟಿಮೀಟರಿಗೆ 10.3 ಗ್ರಾಂ ಆಸುಪಾಸಿನಲ್ಲಿರುತ್ತದೆ. ಈ ಲೆಕ್ಕವನ್ನು 4 ಸೋಲ್ ನಾಣ್ಯಕ್ಕೆ ಅನ್ವಯಿಸಬೇಡಿ, ಏಕೆಂದರೆ 1830ರಿಂದ ಅದರ ಬೆಳ್ಳಿಯನ್ನು ಮೂರನೇ ಎರಡು ಭಾಗಕ್ಕೆ ಇಳಿಸಲಾಗಿತ್ತು.

ಉತ್ತರ (ಕೊಪ್ಪಳ):
ದಯವಿಟ್ಟು ಹುಣಸೆಹಣ್ಣಿನಿಂದ ಉಜ್ಜಿ ಹೊಳಪು ತರಿಸಬೇಡಿ. ಹಳೆಯ ಕಪ್ಪು ಛಾಯೆ ಹೋದರೆ ಬೆಲೆಯೂ ಹೋಗುತ್ತದೆ. ನಿಜಕ್ಕೂ ವಿರಳವಾದದ್ದು ಬೇಕೆಂದರೆ, ಟಂಕಸಾಲೆಯಿದ್ದ ಬೊಲಿವಿಯಾದ ಪೊಟೊಸಿ ನಗರವು ಸ್ಪೇನ್ ವಿರುದ್ಧದ ಕ್ರಾಂತಿಕಾರಿಗಳ ಕೈಯಲ್ಲಿದ್ದ ಅಲ್ಪಾವಧಿಯಲ್ಲಿ, 1813 ಮತ್ತು 1815ರಲ್ಲಿ, ರಿಯೊ ದೆ ಲಾ ಪ್ಲಾತಾ ಪ್ರಾಂತ್ಯಗಳಿಗಾಗಿ (ಇಂದಿನ ಅರ್ಜೆಂಟೀನಾದ ಪೂರ್ವರೂಪ) ಟಂಕಿಸಿದ ಸೂರ್ಯಮುಖದ 8 ರಿಯಾಲ್ (ಸ್ಪೇನ್ ಆಳ್ವಿಕೆಯಿಂದ ಬಂದ ಹಣದ ಹೆಸರು) ನಾಣ್ಯವನ್ನು ಹುಡುಕಿರಿ. ಅದರ ನಕಲಿಗಳು ಬಹಳ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮೊದಲು ಅಂಚನ್ನೇ ನೋಡುತ್ತೇನೆ.